ಲೋಹಶೋಧಕ ಯಂತ್ರಕ್ಕೆ ಶ್ರುತಿ ಹಿಡಿಯುವುದು



ವಿಮಾನ ನಿಲ್ದಾಣದಲ್ಲಿ, ದೊಡ್ಡ ದೇವಾಲಯಗಳ ದ್ವಾರದಲ್ಲಿ ಬಾಗಿಲಿನ ಚೌಕಟ್ಟಿನಂತಹ ಒಂದು ಯಂತ್ರವನ್ನು ನಿಲ್ಲಿಸಿರುವುದನ್ನು ನೀವು ನೋಡಿರಬಹುದು. ಕಿಸೆಯಲ್ಲಿ ಬೀಗದ ಕೈ ಇಟ್ಟುಕೊಂಡು ಅದರೊಳಗೆ ಹಾದುಹೋದರೆ ಅದು ‘ಪೀಂ’ ಎಂದು ಕೂಗುತ್ತದೆ. ಅದೇ ಕುಲದ ಇನ್ನೊಂದು ಯಂತ್ರವಿದೆ. ಅದು ಕೈಯಲ್ಲಿ ಹಿಡಿದು ನೆಲದ ಮೇಲೆ ಆಡಿಸುವಂಥದು. ಉದ್ದನೆಯ ಒಂದು ಕೋಲು, ಕೋಲಿನ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ, ಹಿಡಿಯ ಬಳಿ ಸಣ್ಣದೊಂದು ಪೆಟ್ಟಿಗೆ. ಮಣ್ಣಿನಲ್ಲಿ ಹುದುಗಿದ ಲೋಹದ ಸುಳಿವನ್ನು ಇದು ಅಗೆಯುವ ಮೊದಲೇ ಕೊಡುತ್ತದೆ. ಇದನ್ನು ಲೋಹಶೋಧಕ ಎನ್ನುತ್ತಾರೆ. ಮೆಟಲ್ ಡಿಟೆಕ್ಟರ್ ಎಂಬ ಹೆಸರೇ ಬಳಕೆಯಲ್ಲಿ ಹೆಚ್ಚು.

ಕನ್ನಡ ಪಾಠ ಹೇಳುವ ಮಾಷ್ಟ್ರಿಗೆ ಈ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಅಕ್ಕನ ಒಂದು ಉಂಗುರ. ಮಳೆಗಾಲ ಮುಗಿದ ಮೇಲೆ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವಾಗ ಅದು ಬೆರಳಿನಿಂದ ಜಾರಿಹೋಗಿತ್ತು. ಒಂದೂವರೆ ಗ್ರಾಂ ಚಿನ್ನ ಇದ್ದೀತು, ಹೆಚ್ಚೇನಲ್ಲ. ಆದರೆ ಅದು ನಮ್ಮ ಅಮ್ಮನ ಕೈಯಲ್ಲಿ ನಲವತ್ತು ವರ್ಷ ಇದ್ದ ಉಂಗುರ. ಮನೆಯವರೆಲ್ಲ ಸೇರಿ ಸೊಪ್ಪು ಸರಿಸಿ ಹುಡುಕಿದರೂ ಸಿಗಲಿಲ್ಲ. ಗಲ್ಫಿನಿಂದ ರಜೆಗೆ ಬಂದ ಸೋದರಳಿಯ ಒಂದು ಲೋಹಶೋಧಕವನ್ನು ತಂದ. ಪೆಟ್ಟಿಗೆಯ ಮೇಲೆ ಏಳೆಂಟು ಗುಂಡಿಗಳು, ಅಂಕಿಗಳನ್ನು ತೋರಿಸುವ ಗಾಜಿನ ಪರದೆ, ಜೊತೆಗೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಇಷ್ಟೆಲ್ಲ ಇದ್ದ ಮೇಲೆ ಅರ್ಧ ಗಂಟೆಯ ಕೆಲಸ ಎಂದುಕೊಂಡೆವು. ಹಿಡಿದದ್ದು ಐದು ದಿನ. ಆ ಐದು ದಿನಗಳಲ್ಲಿ ಕಲಿತದ್ದನ್ನು, ಅದರ ಹಿಂದಿರುವ ವಿಜ್ಞಾನವನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರ ಕೆಲಸ ಮಾಡುವ ಬಗೆ

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮವನ್ನು ಹತ್ತನೆಯ ತರಗತಿಯವರು ಬಲ್ಲರು. ಬದಲಾಗುತ್ತಿರುವ ಕಾಂತಕ್ಷೇತ್ರದೊಳಗೆ ಲೋಹವನ್ನು ಇಟ್ಟರೆ ಆ ಲೋಹದಲ್ಲಿ ವಿದ್ಯುತ್ತು ಹರಿಯುತ್ತದೆ. ಲೋಹಶೋಧಕದ ಬಿಲ್ಲೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಒಂದು ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಅತ್ತಿಂದಿತ್ತ ಹರಿಯುತ್ತಿರುತ್ತದೆ. ಇದರಿಂದ ಹುಟ್ಟಿದ ಕಾಂತಕ್ಷೇತ್ರ ಮಣ್ಣಿನೊಳಗೆ ಇಳಿಯುತ್ತದೆ. ಅಲ್ಲೊಂದು ನಾಣ್ಯವಿದ್ದರೆ ಅದರ ಮೈಯಲ್ಲಿ ಸಣ್ಣ ಸುಳಿಗಳಂತೆ ವಿದ್ಯುತ್ತು ಸುತ್ತುತ್ತದೆ. ಇದಕ್ಕೆ ಸುಳಿಪ್ರವಾಹ ಎಂದು ಹೆಸರು. ಸುಳಿಪ್ರವಾಹವು ತನ್ನದೇ ಆದ ಒಂದು ಮಂದವಾದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಒಂದರ ಸದ್ದು ಇನ್ನೊಂದಕ್ಕೆ ನೇರವಾಗಿ ಕೇಳಿಸದಂತೆ ಜೋಡಿಸಿರುತ್ತಾರೆ. ಆದ್ದರಿಂದ ಎರಡನೆಯದಕ್ಕೆ ಕೇಳಿಸುವುದು ನೆಲದಿಂದ ಬಂದ ಮರುದನಿ ಮಾತ್ರ.

ಈ ಮರುದನಿ ತುಸು ತಡವಾಗಿ ಬರುತ್ತದೆ. ಎಷ್ಟು ತಡ ಎಂಬುದು ಲೋಹದ ಜಾತಿ, ಗಾತ್ರ, ದಪ್ಪಗಳನ್ನು ಅವಲಂಬಿಸಿದೆ. ಬೆಳ್ಳಿ, ತಾಮ್ರಗಳು ವಿದ್ಯುತ್ತನ್ನು ಸಲೀಸಾಗಿ ಹರಿಸುವುದರಿಂದ ಅವುಗಳಲ್ಲಿ ಸುಳಿಗಳು ಹೆಚ್ಚು ಹೊತ್ತು ಉಳಿಯುತ್ತವೆ. ಮರುದನಿ ಹೆಚ್ಚು ಹಿಂದೆ ಬೀಳುತ್ತದೆ. ತೆಳುವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಅವು ಬೇಗ ಆರಿಹೋಗುತ್ತವೆ. ಕಬ್ಬಿಣವಾದರೋ ತಾನೇ ಕಾಂತತ್ವ ಪಡೆಯುವ ಲೋಹವಾದ್ದರಿಂದ ಅದರ ರೀತಿಯೇ ಬೇರೆ. ಈ ವ್ಯತ್ಯಾಸವನ್ನು ಅಳೆದು ಯಂತ್ರ ಒಂದು ಅಂಕಿಯಾಗಿ ತೋರಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ಕೆಳಗಿನ ಅಂಕಿಗಳು, ಬೆಳ್ಳಿಗೆ ಮೇಲಿನ ಅಂಕಿಗಳು.

ಒಂದು ಮಾತನ್ನು ನೆನಪಿಡಬೇಕು. ಯಂತ್ರ ಹೇಳುವುದು ‘ಇಂಥ ಬಗೆಯ ಮರುದನಿ ಬಂತು’ ಎಂದಷ್ಟೆ. ‘ಇದು ಚಿನ್ನ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಅಧ್ಯಕ್ಷರ ಹಾಸಿಗೆಯ ಕೆಳಗಿನ ಉಕ್ಕು

ಇಂಥ ಯಂತ್ರದ ಮೇಲೆ ಒಂದು ಜೀವವೇ ನಿಂತಿದ್ದ ಪ್ರಸಂಗವೊಂದು ಇತಿಹಾಸದಲ್ಲಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರಿಗೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡೇಟು ಬಿತ್ತು. ಗುಂಡು ದೇಹದೊಳಗೆ ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್‌ರೇ ಇನ್ನೂ ಬಂದಿರದ ಕಾಲ. ಅದು ಬಂದದ್ದು 1895ರಲ್ಲಿ. ಆಗ ಸಹಾಯಕ್ಕೆ ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಡೇವಿಡ್ ಹ್ಯೂಸ್ ಎಂಬ ವಿಜ್ಞಾನಿ 1879ರಲ್ಲಿ ಪ್ರಚುರಪಡಿಸಿದ್ದ ಪ್ರೇರಣಾ ತಕ್ಕಡಿ ಎಂಬ ಉಪಕರಣಕ್ಕೆ ಟೆಲಿಫೋನನ್ನು ಜೋಡಿಸಿ, ಲೋಹ ಹತ್ತಿರ ಬಂದಾಗ ಕಿವಿಗೆ ಸದ್ದು ಕೇಳಿಸುವಂತೆ ಅವರು ಮಾಡಿದರು. ಮಾಂಸದ ತುಂಡಿನೊಳಗೆ ಗುಂಡನ್ನಿಟ್ಟು ಪರೀಕ್ಷಿಸಿದರು. ಹಿಂದಿನ ಯುದ್ಧದಲ್ಲಿ ಹೊಕ್ಕ ಗುಂಡನ್ನು ಮೈಯಲ್ಲೇ ಹೊತ್ತಿದ್ದ ಸೈನಿಕರ ಮೇಲೂ ಪರೀಕ್ಷಿಸಿದರು. ಯಂತ್ರ ಸರಿಯಾಗಿ ಹೇಳಿತು.

ಆದರೆ ಶ್ವೇತಭವನದ ಕೋಣೆಯಲ್ಲಿ ಅದು ತಪ್ಪಿತು. ಜುಲೈ 26ರ ಮೊದಲ ಪ್ರಯತ್ನದಲ್ಲಿ ಏನೋ ಗರಗರ ಸದ್ದು. ಯಂತ್ರದ ಒಂದು ಭಾಗವನ್ನು ತಪ್ಪಾದ ಕಡೆಗೆ ಜೋಡಿಸಿದ್ದು ಆಮೇಲೆ ಗೊತ್ತಾಯಿತು. ಆಗಸ್ಟ್ 1ರ ಎರಡನೆಯ ಪ್ರಯತ್ನದಲ್ಲಿ ಗುಂಡಿನಷ್ಟು ಸಣ್ಣ ಜಾಗದಲ್ಲಿ ಬರಬೇಕಾದ ಸದ್ದು ಅಗಲವಾದ ಜಾಗದಲ್ಲೆಲ್ಲ ಮಂದವಾಗಿ ಬಂತು. ಮರುದಿನ ವಿಚಾರಿಸಿದಾಗ ತಿಳಿದದ್ದೇನು? ಅಧ್ಯಕ್ಷರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿಂದ ಮಾಡಿದ ಇನ್ನೊಂದು ಹಾಸು ಇತ್ತು! ಅದಲ್ಲದೆ, ಗುಂಡು ಬಲಭಾಗದಲ್ಲಿದೆ ಎಂದು ಮುಖ್ಯ ವೈದ್ಯರು ದೃಢವಾಗಿ ನಂಬಿದ್ದರಿಂದ ಹುಡುಕಾಟವೂ ಬಲಭಾಗದಲ್ಲೇ ನಡೆಯಿತು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಗುಂಡು ಇದ್ದದ್ದು ಎಡಭಾಗದಲ್ಲಿ.

ಬೆಲ್ ಅವರ ಯಂತ್ರ ಕೆಟ್ಟದ್ದಾಗಿರಲಿಲ್ಲ. ಸುತ್ತಲಿನ ಪರಿಸರಕ್ಕೆ ಅದು ಹೊಂದಿಕೊಂಡಿರಲಿಲ್ಲ. ಹುಡುಕುವವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ನಮ್ಮ ತೋಟದಲ್ಲಿ ಆದದ್ದೂ ಇದೇ.

ಮೊದಲನೆಯ ಪಾಠ: ಸೂಕ್ಷ್ಮತೆ

ಯಂತ್ರದ ಒಂದು ಗುಂಡಿಯ ಮೇಲೆ ಸೆನ್ಸಿಟಿವಿಟಿ, ಅಂದರೆ ಸೂಕ್ಷ್ಮತೆ, ಎಂದು ಬರೆದಿರುತ್ತದೆ. ಮೊದಲ ದಿನ ಅಳಿಯ ಅದನ್ನು ಕೊನೆಯವರೆಗೆ ಏರಿಸಿದ. ಹೆಚ್ಚು ಇಟ್ಟಷ್ಟೂ ಹೆಚ್ಚು ಸಿಗುತ್ತದೆ ಎಂಬ ಲೆಕ್ಕ. ಯಂತ್ರ ಹೆಜ್ಜೆ ಹೆಜ್ಜೆಗೂ ಅರಚಿತು. ವಿದ್ಯುತ್ ಕಂಬದ ತಂತಿಯ ಹತ್ತಿರ ಹೋದರಂತೂ ನಿಲ್ಲಿಸಲೇ ಇಲ್ಲ. “ಮಾವ, ಇದು ಹಾಳಾಗಿದೆ” ಎಂದ. ಹಾಳಾಗಿರಲಿಲ್ಲ. ಎಲ್ಲವನ್ನೂ ಕೇಳಿಸು ಎಂದು ನಾವು ಹೇಳಿದ್ದೆವು, ಅದು ಎಲ್ಲವನ್ನೂ ಕೇಳಿಸುತ್ತಿತ್ತು.

ಇಲ್ಲಿ ಒಂದು ಸಣ್ಣ ಗಣಿತವಿದೆ. ಬಿಲ್ಲೆಯಿಂದ ದೂರ ಹೋದಂತೆ ಕಾಂತಕ್ಷೇತ್ರವು ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲು. ನಾಣ್ಯದಿಂದ ಮರಳಿ ಬರುವ ದನಿಯೂ ಹಾಗೆಯೇ ಎಂಟರಲ್ಲಿ ಒಂದು ಪಾಲಾಗುತ್ತದೆ. ಹೋಗಿ ಬರುವಾಗ ಎಂಟೆಂಟಲ ಅರವತ್ತನಾಲ್ಕು. ಅಂದರೆ ಎರಡು ಪಟ್ಟು ಆಳದ ವಸ್ತುವನ್ನು ಹಿಡಿಯಬೇಕಾದರೆ ಯಂತ್ರದ ಕಿವಿ 64 ಪಟ್ಟು ಚುರುಕಾಗಬೇಕು! ಸಣ್ಣ ವಸ್ತುವಿಗೆ, ಬಿಲ್ಲೆಯ ಅಗಲಕ್ಕಿಂತ ಹೆಚ್ಚಿನ ದೂರಕ್ಕೆ, ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಇದೇ ಲೆಕ್ಕದಲ್ಲಿ ಸೂಕ್ಷ್ಮತೆಯನ್ನು ಇಮ್ಮಡಿ ಮಾಡಿದರೆ ಆಳ ಹೆಚ್ಚುವುದು ನೂರಕ್ಕೆ 12ರಷ್ಟು ಮಾತ್ರ. 20 ಸೆಂಟಿಮೀಟರಿನಲ್ಲಿ ಸಿಗುತ್ತಿದ್ದದ್ದು 22ರಲ್ಲಿ ಸಿಕ್ಕೀತು. ಆದರೆ ಗದ್ದಲ ಮಾತ್ರ ಪೂರಾ ಇಮ್ಮಡಿ. ಆ ಗದ್ದಲದಲ್ಲಿ ನಿಜವಾದ ದನಿ ಮುಳುಗಿಹೋದರೆ ಲಾಭವೇನು?

ಆದ್ದರಿಂದ ಯಂತ್ರವನ್ನು ಅಲುಗಿಸದೆ ಹಿಡಿದಾಗ ಅದು ಸುಮ್ಮನಿರುವವರೆಗೆ ಸೂಕ್ಷ್ಮತೆಯನ್ನು ಇಳಿಸಬೇಕು. ಅದೇ ಆ ಜಾಗದ ಹದ. ಇನ್ನೊಂದು ಜಾಗಕ್ಕೆ ಹೋದರೆ ಮತ್ತೆ ನೋಡಬೇಕು.

ಎರಡನೆಯ ಪಾಠ: ನೆಲದ ಸಮತೋಲ

ಸೂಕ್ಷ್ಮತೆಯನ್ನು ಇಳಿಸಿದ ಮೇಲೂ ಬಿಲ್ಲೆಯನ್ನು ನೆಲಕ್ಕೆ ತಗ್ಗಿಸಿದಾಗಲೆಲ್ಲ ಯಂತ್ರ ಗೊಣಗುತ್ತಿತ್ತು. ಇದಕ್ಕೆ ಕಾರಣ ನಮ್ಮ ಮಣ್ಣು. ನಮ್ಮೂರಿನ ಕೆಂಪುಕಲ್ಲಿನ ಕೋರೆಗಳನ್ನು ನೀವೆಲ್ಲ ಕಂಡಿದ್ದೀರಿ. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಮುರಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಮಾಡಿದ ಪ್ರಯಾಣದ ಕುರಿತು 1807ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ನಮ್ಮದೇ ಕೇರಳದ ಅಂಗಾಡಿಪುರಂನ ಕಲ್ಲನ್ನು ಕಂಡು ಈ ಹೆಸರು ಕೊಟ್ಟರು. ಆ ಕಲ್ಲಿನ ಕೆಂಪು ಬಣ್ಣವೆಲ್ಲ ಕಬ್ಬಿಣದ ಆಕ್ಸೈಡುಗಳದು. ಅವುಗಳಲ್ಲಿ ಕೆಲವು ಕಾಂತತ್ವವುಳ್ಳವು. ಹಾಗಾಗಿ ಯಂತ್ರಕ್ಕೆ ಇಡೀ ನೆಲವೇ ಒಂದು ದೊಡ್ಡ ಮಂಕು ಲೋಹದಂತೆ ಕಾಣುತ್ತದೆ. ಕಾಂಬೋಡಿಯಾ ದೇಶದಲ್ಲಿ ಯುದ್ಧಕಾಲದಲ್ಲಿ ಹುಗಿದ ನೆಲಬಾಂಬುಗಳನ್ನು ತೆಗೆಯುವವರಿಗೂ ಇಂಥದೇ ಕೆಂಪು ಮಣ್ಣು ಬಹಳ ಕಾಟ ಕೊಟ್ಟಿದೆ. ನಮಗೆ ತಪ್ಪಿದರೆ ಒಂದು ಉಂಗುರ, ಅವರಿಗೆ ತಪ್ಪಿದರೆ ಕಾಲು ಅಥವಾ ಪ್ರಾಣ.

ಇದಕ್ಕೆ ಪರಿಹಾರವಾಗಿ ಗ್ರೌಂಡ್ ಬ್ಯಾಲೆನ್ಸ್ ಎಂಬ ಗುಂಡಿಯಿದೆ. ಅದನ್ನು ನೆಲದ ಸಮತೋಲ ಎನ್ನೋಣ. ಲೋಹವಿಲ್ಲದ ಒಂದು ಜಾಗವನ್ನು ಆರಿಸಿಕೊಂಡು ಬಿಲ್ಲೆಯನ್ನು ಮಂಡಿಯೆತ್ತರದಿಂದ ನೆಲಕ್ಕೆ ಮುಟ್ಟುವಷ್ಟರವರೆಗೆ ಮೇಲೆ ಕೆಳಗೆ ಆಡಿಸಬೇಕು. ಕೆಳಗಿಳಿಸಿದಾಗ ಸದ್ದು ಏರಿದರೆ ಗುಂಡಿಯನ್ನು ಒಂದು ಕಡೆಗೆ, ತಗ್ಗಿದರೆ ಇನ್ನೊಂದು ಕಡೆಗೆ ತುಸುವೇ ತಿರುಗಿಸಬೇಕು. ಎತ್ತಿದರೂ ಇಳಿಸಿದರೂ ಸದ್ದಿನಲ್ಲಿ ಬದಲಾವಣೆಯಿಲ್ಲದಾಗ ಯಂತ್ರ ಆ ಮಣ್ಣನ್ನು ಮರೆತಿತು ಎಂದು ತಿಳಿಯಬೇಕು. ತೋಟದ ಮೇಲಿನ ಬರೆಯಲ್ಲಿ ಮಾಡಿದ ಸಮತೋಲ ಕೆಳಗಿನ ತೋಡಿನ ಬದಿಯ ಕಪ್ಪು ಮಣ್ಣಿಗೆ ಆಗಲಿಲ್ಲ. ಐವತ್ತು ಹೆಜ್ಜೆಗೆ ಮತ್ತೆ ಮಾಡಬೇಕಾಯಿತು. ಕಡಲತೀರದ ಒದ್ದೆ ಮರಳಿನಲ್ಲಿ ಉಪ್ಪುನೀರೇ ವಿದ್ಯುತ್ತನ್ನು ಹರಿಸುವುದರಿಂದ ಅಲ್ಲಿಯ ಹದ ಪೂರಾ ಬೇರೆ.

ಯಕ್ಷಗಾನದ ಚೌಕಿಯಲ್ಲಿ ಮದ್ದಳೆಗಾರರು ಶ್ರುತಿ ಹಿಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನಿನ್ನೆಯ ಆಟಕ್ಕೆ ಹಿಡಿದ ಶ್ರುತಿ ಇಂದಿನ ಥಂಡಿ ಗಾಳಿಗೆ ನಿಲ್ಲುವುದಿಲ್ಲ. ಮದ್ದಳೆ ಅದೇ, ಕೈ ಅದೇ, ಆದರೂ ಪ್ರತಿ ರಾತ್ರಿ ಮೊದಲಿನಿಂದ ಕೂಡಿಸಿಕೊಳ್ಳಬೇಕು.

ಮೂರನೆಯ ಪಾಠ: ಬೇಡದ್ದನ್ನು ಬಿಡುವುದು

ಎರಡನೆಯ ದಿನ ನಮಗೆ ಡಿಸ್ಕ್ರಿಮಿನೇಷನ್ ಎಂಬ ಗುಂಡಿ ಸಿಕ್ಕಿತು. ಇಂಥ ಅಂಕಿಯಿಂದ ಕೆಳಗಿನದನ್ನು ಕೇಳಿಸಬೇಡ ಎಂದು ಯಂತ್ರಕ್ಕೆ ಅಪ್ಪಣೆ ಮಾಡುವ ಗುಂಡಿ ಇದು. ಮೊಳೆ, ತಂತಿಯ ಚೂರು, ಮುರಿದ ಕತ್ತಿಯ ತುಂಡು, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಹಾಳೆ, ಎಷ್ಟು ಕಸ ತೋಟದಲ್ಲಿ! ನಾವು ಸಿಟ್ಟಿನಿಂದ ಈ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ಏರಿಸಿದೆವು. ಯಂತ್ರ ಶಾಂತವಾಯಿತು. ಇಡೀ ದಿನ ತೋಟವನ್ನೆಲ್ಲ ಸುತ್ತಿದೆವು. ಒಂದು ಹಳೆಯ ತಾಮ್ರದ ತಂತಿಯ ಸುರುಳಿ ಸಿಕ್ಕಿತು, ಉಂಗುರ ಸಿಗಲಿಲ್ಲ. ತೋಟದಲ್ಲಿ ಉಂಗುರವೇ ಇಲ್ಲವೆಂದು ತೀರ್ಮಾನಿಸಿ ಮನೆಗೆ ಬಂದೆವು. ಅಕ್ಕ ಏನೂ ಹೇಳಲಿಲ್ಲ, ಚಹಾ ಮಾಡಿ ಕೊಟ್ಟಳು.

ರಾತ್ರಿ ನನಗೆ ಒಂದು ಸಂಶಯ ಬಂತು. ಉಂಗುರದ ಅಂಕಿ ಎಷ್ಟು ಎಂಬುದನ್ನೇ ನಾವು ನೋಡಿರಲಿಲ್ಲವಲ್ಲ! ಮರುದಿನ ಬೆಳಗ್ಗೆ ಅಂಗಳದಲ್ಲಿ, ಲೋಹದ ವಸ್ತುಗಳಿಂದ ದೂರದಲ್ಲಿ, ಒಂದು ಮರದ ಹಲಗೆಯ ಮೇಲೆ ಅಷ್ಟೇ ತೆಳುವಾದ ನನ್ನ ಸೊಸೆಯ ಉಂಗುರವನ್ನು ಇಟ್ಟು ನೋಡಿದೆವು. ಬದಿಯಲ್ಲೇ ಮಾತ್ರೆಯ ಹಾಳೆಯ ತುಂಡನ್ನು ಇಟ್ಟೆವು. ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ! ಕಸವೆಂದು ನಾವು ಬಾಯಿ ಮುಚ್ಚಿಸಿದ ಗುಂಪಿನಲ್ಲೇ ಅಮ್ಮನ ಉಂಗುರವೂ ಸೇರಿಹೋಗಿತ್ತು.

ಇದು ಈ ವಿದ್ಯೆಯ ಮುಖ್ಯವಾದ ಗುಟ್ಟು. ಸಣ್ಣ ಚಿನ್ನದ ಒಡವೆಗಳು ಅಲ್ಯೂಮಿನಿಯಂ ಚೂರುಗಳ ಜೊತೆಯಲ್ಲೇ ಬೀಳುತ್ತವೆ. ದಪ್ಪ ಬಳೆಯಾದರೆ ಅಂಕಿ ಮೇಲಕ್ಕೆ ಹೋಗುತ್ತದೆ. ಲೋಹ ಒಂದೇ, ಗಾತ್ರ ಬೇರೆ. ಇನ್ನೊಂದು ವಿಚಿತ್ರವೆಂದರೆ, ಹಾರೆಯ ತಲೆಯಂತಹ ದೊಡ್ಡ ಕಬ್ಬಿಣ ಕೆಲವೊಮ್ಮೆ ಬೆಳ್ಳಿಯ ಅಂಕಿ ತೋರಿಸಿ ಮೋಸಗೊಳಿಸುತ್ತದೆ. ಈಗಿನ ಒಂದು ರೂಪಾಯಿ ನಾಣ್ಯ ಕಾಂತಕ್ಕೆ ಅಂಟುವ ಬಗೆಯ ಉಕ್ಕಿನದಾದ್ದರಿಂದ ಅದು ಕಬ್ಬಿಣದಂತೆ ನಡೆದುಕೊಳ್ಳಬಹುದು. ಏನನ್ನಾದರೂ ‘ಬೇಡ’ ಎಂದು ತಳ್ಳುವಾಗ ಅದರ ಜೊತೆಗೆ ಬೇಕಾದದ್ದು ಯಾವುದು ಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಬೆಲೆ ಕೊಡದೆ ಸಿಗುವ ಮೌನ ಇಲ್ಲಿಲ್ಲ.

ನಾಲ್ಕನೆಯ ಪಾಠ: ಕಿವಿ

ಥ್ರೆಶೋಲ್ಡ್ ಎಂಬ ಗುಂಡಿಯಿಂದ ಹೆಡ್‌ಫೋನಿನಲ್ಲಿ ಸದಾ ಒಂದು ಸಣ್ಣ ಗುಂಯ್‌ಗುಡುವ ಸದ್ದು ಇರುವಂತೆ ಮಾಡಬಹುದು. ಇದು ಭಾಗವತರ ಹಿಂದಿನ ಶ್ರುತಿಪೆಟ್ಟಿಗೆಯಂತೆ. ಸದ್ದು ಕಿವಿಗೆ ಕೇಳಿಯೂ ಕೇಳದಷ್ಟು ಇರಬೇಕು. ಆಳದಲ್ಲಿರುವ ಸಣ್ಣ ವಸ್ತು ‘ಪೀಂ’ ಎಂದು ಕೂಗುವುದಿಲ್ಲ, ಆ ಗುಂಯ್‌ಗುಡುವಿಕೆಯನ್ನು ಒಂದಿಷ್ಟು ಕದಲಿಸುತ್ತದೆ ಅಷ್ಟೆ. ಪೂರ್ಣ ಮೌನದಿಂದ ಹೊರಟರೆ ಆ ಕದಲಿಕೆ ಗೊತ್ತೇ ಆಗುವುದಿಲ್ಲ.

ಮೊದಲು ನಾವು ಪರದೆಯ ಅಂಕಿಯನ್ನೇ ನೋಡುತ್ತಿದ್ದೆವು. ಅಂಕಿ ಕುಣಿಯುತ್ತದೆ, ಆಳ ಹೆಚ್ಚಿದಂತೆ ಸುಳ್ಳು ಹೇಳುತ್ತದೆ. ಕಿವಿ ಹೆಚ್ಚು ನಂಬಿಕಸ್ಥ. ಮೊಳೆಯ ಸದ್ದು ಒರಟು, ಕಡಿದಂತೆ ಬರುತ್ತದೆ; ಒಂದು ದಿಕ್ಕಿನಿಂದ ಕೇಳಿದ್ದು ಅಡ್ಡ ದಿಕ್ಕಿನಿಂದ ಕೇಳಿಸದೆ ಹೋಗುವುದೂ ಉಂಟು. ಉಂಗುರದ ಸದ್ದು ದುಂಡಗೆ, ಎರಡೂ ದಿಕ್ಕಿನಿಂದ ಒಂದೇ ತೆರನಾಗಿ ಬರುತ್ತದೆ. ಇದನ್ನು ಪುಸ್ತಕದಿಂದ ಕಲಿಯಲಾಗದು.

ಭಾಷೆಯ ಪಾಠದಲ್ಲೂ ಹೀಗೆಯೇ ಅಲ್ಲವೇ? ನಮ್ಮ ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಕಾಲಕ್ರಮದಲ್ಲಿ ಅದು ಳ ಕಾರದಲ್ಲಿ ಬೆರೆತುಹೋಯಿತು. ಆದರೆ ಮಲಯಾಳದಲ್ಲಿ ಅದು ಇಂದಿಗೂ ಜೀವಂತ. ನಾವು ಮಳೆ ಎನ್ನುವುದನ್ನು ಅವರು ಮೞ ಎನ್ನುತ್ತಾರೆ, ನಮ್ಮ ಹೊಳೆ ಅವರಿಗೆ ಪುೞ. ಆ ಭಾಷೆ ಕೇಳದೆ ಬೆಳೆದವನಿಗೆ ಳ, ೞ ಎರಡೂ ಒಂದೇ. ನೆರೆಮನೆಯ ಮಲಯಾಳ ಕೇಳಿ ಬೆಳೆದ ನಿಮಗೆ ಎರಡೂ ಬೇರೆ ಬೇರೆ. ಕಿವಿಯ ರಚನೆಯಲ್ಲಿ ಭೇದವಿಲ್ಲ, ಅಭ್ಯಾಸದಲ್ಲಿ ಭೇದ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಕ್ಕಳು ತಮ್ಮ ಕಿವಿಯನ್ನು ಅರಿಯದೆಯೇ ಹದಗೊಳಿಸಿಕೊಂಡಿರುತ್ತಾರೆ.

ಉಳಿದ ಗುಂಡಿಗಳು

ಕೆಲವು ಯಂತ್ರಗಳಲ್ಲಿ ಆವರ್ತಾಂಕವನ್ನೂ ಬದಲಾಯಿಸಬಹುದು. ಸೆಕೆಂಡಿಗೆ ನಾಲ್ಕೈದು ಸಾವಿರ ಸಲದ ಕೆಳಗಿನ ಆವರ್ತಾಂಕ ಬೆಳ್ಳಿ, ತಾಮ್ರಗಳ ದೊಡ್ಡ ವಸ್ತುಗಳಿಗೆ ಒಳ್ಳೆಯದು. ನಲವತ್ತು ಸಾವಿರಕ್ಕೂ ಮೇಲಿನದು ಚಿನ್ನದ ಸಣ್ಣ ಚೂರುಗಳನ್ನು ಹಿಡಿಯುತ್ತದೆ, ಆದರೆ ಮಣ್ಣಿನ ಗೊಣಗಾಟವನ್ನೂ ಹೆಚ್ಚಿಸುತ್ತದೆ. ರಿಕವರಿ ಸ್ಪೀಡ್ ಎಂಬುದು ಒಂದು ಸದ್ದಿನಿಂದ ಇನ್ನೊಂದಕ್ಕೆ ಯಂತ್ರ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದರ ಅಳತೆ. ಕಸ ಹೆಚ್ಚಿರುವಲ್ಲಿ ಅದನ್ನು ಏರಿಸಬೇಕು, ಇಲ್ಲವಾದರೆ ಮೊಳೆಯ ಬದಿಯಲ್ಲಿರುವ ಉಂಗುರ ಮೊಳೆಯ ಸದ್ದಿನಲ್ಲೇ ಮುಚ್ಚಿಹೋಗುತ್ತದೆ.

ಗುಂಡಿಯಿಲ್ಲದ ಒಂದು ಹದವೂ ಇದೆ, ಅದು ಕೈಯದು. ಬಿಲ್ಲೆಯನ್ನು ನೆಲಕ್ಕೆ ಎರಡು ಬೆರಳಿನಷ್ಟು ಹತ್ತಿರ, ನೆಲಕ್ಕೆ ಸಮನಾಗಿ, ನಿಧಾನವಾಗಿ ಆಡಿಸಬೇಕು. ಗುಡಿಸುವಾಗ ಮಾಡುವಂತೆ ತುದಿಗಳಲ್ಲಿ ಮೇಲಕ್ಕೆ ಎತ್ತಬಾರದು. ಒಂದು ಸಲ ಆಡಿಸಿದ ಜಾಗದ ಅರ್ಧದ ಮೇಲೆ ಮುಂದಿನ ಸಲ ಹಾಯಬೇಕು. ಆತುರಗಾರನಿಗೆ ಒಳ್ಳೆಯ ಯಂತ್ರವೂ ದಕ್ಕುವುದಿಲ್ಲ.

ಉಂಗುರ ಸಿಕ್ಕಿದ್ದು

ಮೂರನೆಯ ದಿನವನ್ನೆಲ್ಲ ಅಂಗಳದಲ್ಲೇ ಕಳೆದೆವು. ಒಂದು ಮೂಲೆಯಲ್ಲಿ ಮೊಳೆ, ತಾಮ್ರದ ತುಂಡು, ಮಾತ್ರೆಯ ಹಾಳೆ, ನಾಣ್ಯ, ದಾರ ಕಟ್ಟಿದ ಉಂಗುರ ಇವನ್ನು ಬೇರೆ ಬೇರೆ ಆಳದಲ್ಲಿ ಹುಗಿದು, ಎಲ್ಲಿ ಏನಿದೆ ಎಂದು ಗುರುತು ಹಾಕಿದೆವು. ಒಂದು ಸಲಕ್ಕೆ ಒಂದೇ ಗುಂಡಿಯನ್ನು ತಿರುಗಿಸುವುದು, ಆದ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಯುವುದು, ಇದು ನಾವು ಹಾಕಿಕೊಂಡ ನಿಯಮ. ಎರಡು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಾಯಿಸಿ ಉಳಿದವನ್ನು ಸ್ಥಿರವಾಗಿಡಿ ಎಂದು ನಿಮಗೆ ಹೇಳುವುದು ಇದಕ್ಕಾಗಿಯೇ.

ನಾಲ್ಕನೆಯ ದಿನ ಕಬ್ಬಿಣವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳಿಸುವಂತೆ ಇಟ್ಟುಕೊಂಡು ತೋಟವನ್ನು ಹಗ್ಗದಿಂದ ಪಟ್ಟಿಗಳಾಗಿ ಭಾಗಿಸಿ ಹೊರಟೆವು. ದುಂಡಗಿನ ಸದ್ದು ಬಂದಲ್ಲೆಲ್ಲ ಅಗೆದೆವು, ಅಗೆದ ಕುಳಿಯನ್ನು ಮುಚ್ಚಿದೆವು. ಅಂದು ಸಂಜೆಗೆ ಎಪ್ಪತ್ತೆರಡು ಕುಳಿ, ಒಂದು ಚೀಲ ಕಸ. ಐದನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಒಂದು ಅಡಿಕೆ ಮರದ ಬುಡದಲ್ಲಿ, ಕೊಳೆತ ಸೊಪ್ಪಿನಡಿ ನಾಲ್ಕು ಬೆರಳು ಆಳದಲ್ಲಿ, ಉಂಗುರ ಸಿಕ್ಕಿತು. ಎರಡನೆಯ ದಿನ ಅದೇ ಮರದ ಸುತ್ತ ನಾವು ಎರಡು ಸಲ ಯಂತ್ರವನ್ನು ಆಡಿಸಿದ್ದೆವು. ಅಕ್ಕ ಅದನ್ನು ತೋಡಿನ ನೀರಿನಲ್ಲಿ ತೊಳೆದು ಬೆರಳಿಗೆ ಹಾಕಿಕೊಂಡಳು. ಆಮೇಲೆ ಬಿಚ್ಚಿ ದಾರ ಸುತ್ತಿ ಮತ್ತೆ ಹಾಕಿಕೊಂಡಳು.

ಸಿಕ್ಕಿದ್ದು ಯಾರದು?

ಕಳೆದುಹೋದ ನಮ್ಮದೇ ವಸ್ತುವನ್ನು ನಮ್ಮದೇ ತೋಟದಲ್ಲಿ ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ಈ ಯಂತ್ರ ನಿಧಿಯ ಆಸೆಯನ್ನೂ ಹುಟ್ಟಿಸುತ್ತದೆ. ನಮ್ಮ ದೇಶದಲ್ಲಿ ನೆಲದಡಿ ಸಿಕ್ಕಿದ ನಿಧಿಯ ಬಗ್ಗೆ 1878ರಷ್ಟು ಹಿಂದೆಯೇ ಕಾಯಿದೆಯಾಗಿದೆ. ಕೇರಳದಲ್ಲಿ 1968ರ ಪ್ರತ್ಯೇಕ ಕಾಯಿದೆಯಿದೆ. ಸಿಕ್ಕಿದ್ದನ್ನು ಮುಚ್ಚಿಡದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಅವುಗಳ ಸಾರ. ಕೆಳದಿಯ ನಾಯಕರ ಕಾಲದ ಬೇಕಲ ಕೋಟೆಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯಿದೆಯ ಪ್ರಕಾರ ಅಪರಾಧ.

ಕಾಯಿದೆಗಿಂತ ಮಿಗಿಲಾದ ಕಾರಣವೂ ಇದೆ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬವರು ಗೆಳೆಯನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದಾಗ ರೋಮನ್ನರ ಕಾಲದ ಚಿನ್ನ ಬೆಳ್ಳಿಯ ನಿಕ್ಷೇಪ ಸಿಕ್ಕಿತು. ಅವರು ಎಲ್ಲವನ್ನೂ ಬಾಚಿಕೊಳ್ಳಲಿಲ್ಲ. ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನ ಪುರಾತತ್ವಜ್ಞರು ಬಂದು ಪದರ ಪದರವಾಗಿ ತೆಗೆದರು. ಸುಮಾರು 15,000 ನಾಣ್ಯಗಳು. ಅವನ್ನು ಇಟ್ಟಿದ್ದ ಮರದ ಪೆಟ್ಟಿಗೆಯ ಕುರುಹು, ಯಾವುದನ್ನು ಯಾವುದರ ಪಕ್ಕದಲ್ಲಿ ಜೋಡಿಸಿದ್ದರು ಎಂಬ ವಿವರ ಕೂಡ ಉಳಿಯಿತು. ಆ ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ವಸ್ತುವನ್ನು ಕಿತ್ತು ತೆಗೆದರೆ ಲೋಹ ಮಾತ್ರ ಉಳಿಯುತ್ತದೆ. ಅದು ಇದ್ದ ಜಾಗವನ್ನು ಕಾಪಾಡಿದರೆ ಚರಿತ್ರೆಯೂ ಉಳಿಯುತ್ತದೆ.

ಮಾಡಿ ನೋಡಿ

ಈ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಅದರ ಪಾಠವನ್ನು ಮಾಡಿ ನೋಡಬಹುದು.

1. ಒಂದು ಕಾಂತವನ್ನು ತೆಗೆದುಕೊಂಡು ಮನೆಯಲ್ಲಿರುವ ಎಲ್ಲ ಬಗೆಯ ನಾಣ್ಯಗಳಿಗೆ ಮುಟ್ಟಿಸಿ. ಅಂಟುವವು ಯಾವುವು, ಅಂಟದವು ಯಾವುವು? ಇಸವಿಯೊಡನೆ ಪಟ್ಟಿ ಮಾಡಿ.

2. ಗೆಳೆಯನೊಬ್ಬ ಸಿಮೆಂಟು ನೆಲದ ಮೇಲೆ ಮೊಳೆ, ನಾಣ್ಯ, ಬೀಗದ ಕೈ, ಹಿತ್ತಾಳೆಯ ಬಳೆ ಇವನ್ನು ಒಂದೊಂದಾಗಿ ಬೀಳಿಸಲಿ. ನೀವು ಕಣ್ಣು ಮುಚ್ಚಿ ಸದ್ದಿನಿಂದಲೇ ಹೆಸರಿಸಿ. ಮೊದಲ ದಿನದ ಅಂಕಗಳನ್ನೂ ಹತ್ತನೆಯ ದಿನದ ಅಂಕಗಳನ್ನೂ ಹೋಲಿಸಿ.

3. ದೂರ ಮೂರು ಪಟ್ಟಾದರೆ ಮರುದನಿ ಎಷ್ಟರಲ್ಲಿ ಒಂದು ಪಾಲಾಗುತ್ತದೆ? ಲೆಕ್ಕ ಹಾಕಿ.

4. ನಿಮ್ಮ ಮನೆಯಲ್ಲಿ ಹಾಳಾಗಿದೆ ಎಂದು ಮೂಲೆಗೆ ಸರಿಸಿದ ಉಪಕರಣವೊಂದು ಇದ್ದರೆ ಹಿರಿಯರ ಅನುಮತಿ ಪಡೆದು ಅದರ ಕೈಪಿಡಿಯನ್ನು ಓದಿ. ಹಾಳಾದದ್ದು ಉಪಕರಣವೋ, ಅದನ್ನು ಬಳಸಿದ ರೀತಿಯೋ ಎಂದು ಮುಂದಿನ ತರಗತಿಯಲ್ಲಿ ಬಂದು ನನಗೆ ಹೇಳಿ.